ಎರಡು ಚಂದ್ರರ ನಾಲೆ

ಸಿಂಧಘಟ್ಟ, 1 ಡಿಸೆಂಬರ್ 1930, ಸೋಮವಾರ

ಇವತ್ತಿನಿಂದ ದಿನಚರಿ ಬರೆಯುತ್ತೇನೆ. ಮುಂದೆ ಒಂದು ದಿನ ಯಾರಾದರೂ ಬಂದು, "ಇಂಥ ದೊಡ್ಡ ಗ್ರಂಥ ಹೇಗೆ ಬರೆದಿರಿ ಸ್ವಾಮಿ?" ಎಂದು ಕೇಳಿಯೇ ಕೇಳುತ್ತಾರೆ. ಆಗ ತಡವರಿಸಬಾರದಲ್ಲ. ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಗುರುತು ಹಾಕಿಡುತ್ತಿದ್ದೇನೆ. ಬರೆಯುತ್ತಿರುವವನು ನಾಗಮಂಗಲದ ಮರಿಸ್ವಾಮಿ, ವಯಸ್ಸು ಇಪ್ಪತ್ತಾರು, ಈ ಊರಿನ ಸ್ಕೂಲಿಗೆ ಇರುವ ಒಬ್ಬನೇ ಮೇಷ್ಟರು.

ಗ್ರಂಥ ಎಲ್ಲೂ ಇಲ್ಲದ ಒಂದು ದೇಶದ ಕಥೆ. ಹೆಸರು ರತ್ನಕೂಟ. ಅಲ್ಲಿ ಅರಮನೆ ಸ್ಫಟಿಕದ್ದು. ರಾಜ ವಜ್ರಮಕುಟನ ಲಾಯದಲ್ಲಿ ಆರು ಕಾಲಿನ ರೆಕ್ಕೆ ಕುದುರೆಗಳು ಒಂದು ಸಾವಿರ. ಆಕಾಶದಲ್ಲಿ ಎರಡು ಚಂದ್ರ. ಮೂರು ಅಧ್ಯಾಯ ಮುಗಿದಿದೆ, ಮೂರರಲ್ಲೂ ರಾಜನ ವರ್ಣನೆ. ಅವನು ಇನ್ನೂ ಸಿಂಹಾಸನದಿಂದ ಎದ್ದಿಲ್ಲ.

ನನ್ನ ವಾಸ ಮಂಚಯ್ಯನವರ ಜಗಲಿ ಪಕ್ಕದ ಕೋಣೆಯಲ್ಲಿ. ನಮ್ಮ ಜನವೇ ಆದ್ದರಿಂದ ಊಟವೂ ಅಲ್ಲೇ. ಮಂಚಯ್ಯನವರದು ಊರಾಚೆ ದಿಣ್ಣೆಯ ಮೇಲೆ ರಾಗಿ ಹೊಲ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಮನುಷ್ಯನಿಗೆ ಮಾತು ಬಹಳ ಕಡಿಮೆ. ಮನೆಯಲ್ಲಿ ಅವರ ತಾಯಿ ದ್ಯಾವಮ್ಮ ಇದ್ದಾರೆ, ಮಗಳೊಬ್ಬಳು ಇದ್ದಾಳೆ. ಈ ಮಗಳು ನಾಲ್ಕನೇ ತರಗತಿ ಓದುವಾಗ ತಾಯಿ ತೀರಿಕೊಂಡು ಮನೆ ಇವಳ ತಲೆಗೆ ಬಿತ್ತಂತೆ. ಹತ್ತೊಂಬತ್ತಾದರೂ ಮದುವೆ ಆಗಿಲ್ಲ.

ಈಗ ಅವರೆಕಾಯಿ ಕಾಲ. ನೆನೆಸಿದ ಕಾಳನ್ನು ಬೆರಳಲ್ಲಿ ಹಿತುಕಿ ಬೇಳೆ ಬಿಡಿಸಲು ದಿನಾ ಸಂಜೆ ಹೆಂಗಸರು ಜಗಲಿಯ ಮೇಲೆ ಕೂರುತ್ತಾರೆ. ದ್ಯಾವಮ್ಮ ಇವತ್ತು ನನ್ನನ್ನು ಕರೆದು, "ಕೈಗೆ ಕೆಲ್ಸ ಅದೆ, ಕಿವಿಗೆ ಇಲ್ಲ. ಅದೇನೋ ಬರೀತಿಯಂತಲ್ಲ ಮಗ, ನಮಗೂ ಓದು" ಎಂದರು. ಕುಣಿಯುವುದೊಂದು ಬಾಕಿ! ನಾಳಿದ್ದು ಓದುತ್ತೇನೆ. ಮೆಣಸಿನ ಕಷಾಯ ಕುಡಿದು ಗಂಟಲು ಸರಿಮಾಡಿಕೊಳ್ಳಬೇಕು.

3 ಡಿಸೆಂಬರ್, ಬುಧವಾರ

ಮಾನ ಹೋಯಿತು.

ರಾಜನ ಕಿರೀಟದ ವರ್ಣನೆಯನ್ನು ಅರ್ಧ ಗಂಟೆ ಏರಿಳಿತದೊಂದಿಗೆ ಓದಿದೆ. ಯಾರೂ ಉಸಿರೆತ್ತಲಿಲ್ಲ. ತಲ್ಲೀನರಾಗಿದ್ದಾರೆ ಅಂದುಕೊಂಡೆ. ಕುದುರೆಯ ಲಾಯಕ್ಕೆ ಬಂದಾಗ ದ್ಯಾವಮ್ಮ ಕೈ ಎತ್ತಿದರು.

"ತಡಿ ಮಗ. ಸಾವಿರ ಕುದ್ರೆ, ಆರಾರು ಕಾಲು. ಆರು ಸಾವಿರ ಲಾಳ ಆಯ್ತು. ಕಟ್ಟೋನು ಯಾರು? ಒಬ್ಬ ಆಚಾರಿ ಸುದ್ದೀನೂ ಬರಲಿಲ್ವಲ್ಲ."

ಪಕ್ಕದ ಮನೆ ಬೆಟ್ಟಮ್ಮ ನನ್ನ ಸಹಾಯಕ್ಕೆ ಬಂದರು. "ರೆಕ್ಕೆ ಅವೆಯಲ್ಲ ದ್ಯಾವಕ್ಕ, ಮ್ಯಾಲ್ ಮ್ಯಾಲೇ ಓಯ್ತವೆ. ಲಾಳ ಯಾತಕ್ಕೆ?"

"ಮ್ಯಾಲ್ ಮ್ಯಾಲೇ ಓಗೋದಾದ್ರೆ ಅಷ್ಟೊಂದು ಕಾಲು ಯಾತಕ್ಕೆ? ಅದೂ ಬುಡು, ಲದ್ದಿ ಎತ್ತೋರು ಯಾರು?"

ಇಬ್ಬರೂ ಲದ್ದಿಯ ವಿಷಯವನ್ನೇ ಹಿಡಿದುಕೊಂಡು ಬಹಳ ಹೊತ್ತು ಚರ್ಚೆ ಮಾಡಿದರು. ನಾನು ಕೆಮ್ಮಿ, ಸ್ಫಟಿಕದ ಅರಮನೆಯ ಕಡೆಗೆ ಕಥೆಯನ್ನು ತಿರುಗಿಸಿದೆ. ಅಷ್ಟು ಹೊತ್ತೂ ತಲೆ ತಗ್ಗಿಸಿ ಕಾಳು ಹಿತುಕುತ್ತಿದ್ದ ಮಂಚಯ್ಯನ ಮಗಳು ಆಗ ಬಾಯಿಬಿಟ್ಟಳು.

"ಹೊರಗಿಂದ ನೋಡಿದ್ರೆ ಒಳಗೆಲ್ಲ ಕಾಣ್ತದೆ ಅಂತ ಬರ್ದಿದ್ದೀರಿ. ಬಚ್ಚಲೂ ಸ್ಫಟಿಕದ್ದೇನಾ ಮೇಷ್ಟ್ರೇ?"

ಬೆಟ್ಟಮ್ಮ ನಕ್ಕ ನಗುವಿಗೆ ಎದುರು ಮನೆಯವರು ಬಾಗಿಲು ತೆರೆದು ನೋಡಿದರು.

4 ಡಿಸೆಂಬರ್

ಮಂಚಯ್ಯನ ಮಗಳಿಗೆ ಸಾಹಿತ್ಯದ ಗಂಧವಿಲ್ಲ. ಅರಮನೆಯ ಬಚ್ಚಲಿಗೆ ಕಲ್ಲಿನ ಗೋಡೆ ಹಾಕಿಸಿದೆ. ಅವಳು ಹೇಳಿದಳು ಅಂತ ಅಲ್ಲ.

8 ಡಿಸೆಂಬರ್, ಸೋಮವಾರ

ಇನ್ನು ಓದುವುದೇ ಇಲ್ಲ ಎಂದು ತೀರ್ಮಾನಿಸಿದ್ದೆ. ಆದರೆ ಜಗಲಿಯ ಮೇಲೆ ಅವರೆಲ್ಲ ಕೂತಿರುವಾಗ ನಾನೊಬ್ಬ ಕೋಣೆಯಲ್ಲಿ ಏನು ಮಾಡಲಿ? ಹೋದೆ. ಹೋದದ್ದು ಎಂಥ ಒಳ್ಳೆಯದಾಯಿತು!

ಎರಡು ಚಂದ್ರರ ಭಾಗ ಓದುತ್ತಿದ್ದಂತೆ ಪುಟ್ಟಲಕ್ಷ್ಮಮ್ಮ (ಅದು ಮಂಚಯ್ಯನ ಮಗಳ ಹೆಸರು) ಕೇಳಿದಳು: "ಹಂಗಾದ್ರೆ ಆ ದೇಶಕ್ಕೆ ಅಮಾಸೆ ಯಾವತ್ತು?"

ಚಂದ್ರನಿಲ್ಲದ ದಿನ ಅಮಾವಾಸ್ಯೆ, ಇದು ಗೊತ್ತಿಲ್ಲವೇ ಎಂದೆ.

"ಒಬ್ಬ ಇಲ್ದಿರೋ ದಿನ ಇನ್ನೊಬ್ಬ ಇದ್ರೆ?"

"ಅಂಗಾರೆ ಅಮಾಸೇನೇ ಇಲ್ಲ" ಎಂದರು ಬೆಟ್ಟಮ್ಮ. "ಅಮಾಸೆ ಇಲ್ದಿದ್ರೆ ಎತ್ತಿಗೆ ರಜಾ ಎಲ್ಲಿಂದ ಬತ್ತದೆ? ಪಾಪ, ಸತ್ತೋಯ್ತವೆ."

ಎತ್ತುಗಳ ಸಂಕಟ ನನ್ನ ತಲೆಗೆ ಬಂದಿರಲೇ ಇಲ್ಲ. ಒಬ್ಬೊಬ್ಬ ಚಂದ್ರನಿಗೆ ಎಷ್ಟೆಷ್ಟು ದಿನ ಎಂದು ಅವಳು ಕೇಳಿದಳು. ಬಾಯಿಗೆ ಬಂದದ್ದು ಹೇಳಿದೆ: ದೊಡ್ಡವನಿಗೆ ಮೂವತ್ತು, ಚಿಕ್ಕವನಿಗೆ ಇಪ್ಪತ್ತು. ಅವಳು ಮೊರದ ಮೇಲೆ ಅವರೆಕಾಳನ್ನು ಸಾಲಾಗಿ ಜೋಡಿಸಿದಳು. ಇಪ್ಪತ್ತಕ್ಕೊಂದು ಸಿಪ್ಪೆ ತೆಗೆದ ಕಾಳು ಇಟ್ಟಳು, ಮೂವತ್ತಕ್ಕೊಂದು ಒಣಮೆಣಸಿನಕಾಯಿ ಚೂರು ಇಟ್ಟಳು. ಬೆರಳಿಟ್ಟು ಎಣಿಸುತ್ತಾ ಹೋಗಿ, "ಅರವತ್ತಕ್ಕೆ ಇಬ್ರೂ ಸೇರ್ತಾರೆ. ಅರವತ್ತು ದಿನಕ್ಕೊಂದ್ಸಲ ಜೋಡಿ ಹುಣ್ಣಿಮೆ. ಅವತ್ತು ಆ ದೇಶದಾಗೆ ಏನಾಯ್ತದೆ ಮೇಷ್ಟ್ರೇ?" ಎಂದಳು.

ಏನಾಗುತ್ತದೆ! ಹುಡುಗರಿಗೆ ಭೂಗೋಳದಲ್ಲಿ ನಾನೇ ಹೇಳಿಕೊಡುತ್ತೇನೆ, ಚಂದ್ರ ಸಮುದ್ರದ ನೀರನ್ನು ಎಳೆಯುತ್ತಾನೆ ಎಂದು. ಒಬ್ಬನೇ ಅಷ್ಟು ಎಳೆದರೆ ಇಬ್ಬರೂ ಸೇರಿದ ದಿನ ನದಿಯೇ ಉಬ್ಬಿ ಮೇಲೆ ಬರಬೇಡವೇ? ನಾನು ಕೂಗಿಕೊಂಡು ಎದ್ದೆ. ಎದ್ದ ರಭಸಕ್ಕೆ ಕಾಲು ತಗುಲಿ ಮೊರ ಬೀದಿಗೆ ಬಿತ್ತು. ಇಬ್ಬರು ಚಂದ್ರರೂ ದೂಳಲ್ಲಿ ಉರುಳಿಹೋದರು. ನಾವೆಲ್ಲ ಬೀದಿಯಲ್ಲಿ ಕೂತು ಕಾಳು ಆರಿಸಿದೆವು. ದ್ಯಾವಮ್ಮ ಬೈದರೋ ಇಲ್ಲವೋ, ನನಗೆ ಕೇಳಿಸಲಿಲ್ಲ.

ಒಂದು ಸುಳ್ಳು ಹೇಳುವುದು ಸುಲಭ. ಅದು ನಿಲ್ಲಬೇಕಾದರೆ ಸುತ್ತಲೂ ನೂರು ನಿಜ ಹೇಳಬೇಕು. ಇದನ್ನು ಇವತ್ತು ನಾನೇ ಕಂಡುಹಿಡಿದೆ.

14 ಡಿಸೆಂಬರ್, ಭಾನುವಾರ

ದೇಶಕ್ಕೆ ಒಂದು ನಕ್ಷೆ ಬರೆದೆ. ಪುಟ್ಟಲಕ್ಷ್ಮಮ್ಮ ನೋಡಿ, "ನಿಮ್ಮ ನದಿ ಗುಡ್ಡ ಹತ್ತಿ ಆ ಕಡೆ ಇಳೀತಾ ಅದೆ" ಎಂದಳು. ಹರಿದು ಹಾಕಿದೆ. ಇನ್ನೊಂದರಲ್ಲಿ ಕೆರೆ ಇಳಿಜಾರಿನಲ್ಲಿತ್ತು. ಅದನ್ನೂ ಹರಿದೆ. ಜೋಡಿ ಹುಣ್ಣಿಮೆ ಬಿಟ್ಟು ಉಳಿದ ದಿನ ನೀರು ಕೆಳಗೇ ಹರಿಯಬೇಕು ಎಂದು ಅವಳ ಹಟ.

ಸರಿ, ನಿಜವಾದ ನೆಲವನ್ನೇ ನೋಡಿ ಬರೆಯೋಣ ಎಂದು ಹೊರಟೆ. ಬೆಟ್ಟಮ್ಮನ ಗಂಡ ಜವರಯ್ಯ ಒಂದು ಮೇಣದ ಬಟ್ಟೆ ಕೊಟ್ಟ. ಬೆಳಕಿಗೆ ಹಿಡಿದರೆ ಆಚೆ ಕಡೆಯದು ಕಾಣುವಂಥ ತೆಳುವಾದ ನಕ್ಷೆಯ ಬಟ್ಟೆ. ಅವನು ಹುಲಿಕೆರೆಯ ಹತ್ತಿರ ಮೂರು ತಿಂಗಳು ಸರ್ವೆಯವರಿಗೆ ಸರಪಳಿ ಹಿಡಿದು ಬಂದಿದ್ದಾನೆ. ಕನ್ನಂಬಾಡಿ ಕಟ್ಟೆಯ ಕಾವೇರಿ ನೀರನ್ನು ಮಂಡ್ಯದ ಕಡೆಗೆ ಒಯ್ಯಲು ಅಲ್ಲಿ ಗುಡ್ಡವನ್ನೇ ಕೊರೆದು ನಾಲೆ ಮಾಡುತ್ತಿದ್ದಾರೆ. ಓದು ಬರಹ ಬಾರದಿದ್ದರೂ ಜವರಯ್ಯ ಅಲ್ಲಿಂದ ಬಂದ ಮೇಲೆ ಊರಿಗೆಲ್ಲ ಇಂಜಿನಿಯರೇ. ಗುಡ್ಡದೊಳಗೆ ನದಿ ನುಗ್ಗಿಸುವ ಈ ಕಾಲದಲ್ಲಿ ನನ್ನ ಕುದುರೆಯ ಕಾಲೆಣಿಸುತ್ತಾರೆ ಈ ಜನ!

ದಿಣ್ಣೆ ಹತ್ತಿ ಕೂತು ಕೆರೆ, ಏರಿ, ದಾರಿ, ಹೊಲಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ಬರೆದು ತಂದೆ.

"ಇದು ನಮ್ಮೂರೇ ಅಲ್ವಾ?" ಎಂದಳು.

ಹೌದು, ಯಾರು ನೋಡಿದರೂ ಸಿಂಧಘಟ್ಟವೇ. ನಾನು ತಲೆ ಮೇಲೆ ಕೈಹೊತ್ತು ಕೂತೆ. ಅವಳು ಸುಮ್ಮನೆ ಬಟ್ಟೆಯನ್ನು ತಿರುವಿ ಹಾಕಿದಳು, ರವಿಕೆಯ ಒಳಮಗ್ಗುಲು ಹೊರಗೆ ಮಾಡುವ ಹಾಗೆ. ಎಡಗಡೆಯ ಕೆರೆ ಬಲಕ್ಕೆ ಬಂತು. ಹೊತ್ತು ಹುಟ್ಟುವ ಕಡೆ ಮುಳುಗುವ ಕಡೆಯಾಯಿತು. ಏರುತಗ್ಗು ಎಲ್ಲ ಸರಿಯಾಗಿಯೇ ಇದೆ, ಆದರೆ ಅಂಥ ಊರನ್ನು ಯಾರೂ ಎಂದೂ ನೋಡಿಲ್ಲ. ಆ ಮಗ್ಗುಲಿಗೇ ಮಸಿ ಹಾಕಿ ಬರೆದು ಹೆಸರುಗಳನ್ನು ಗುರುತಿಸಿದೆ. ಸಂತೋಷಕ್ಕೆ ಎರಡು ಮುದ್ದೆ ಹೆಚ್ಚಾಗಿ ಉಂಡೆ.

21 ಡಿಸೆಂಬರ್, ಭಾನುವಾರ

"ಈ ದೇಶದಾಗೆ ಹೆಂಗಸ್ರು ನೀರಿಗೆ ಎಷ್ಟು ದೂರ ಹೋಗ್ತಾರೆ?" ಎಂದು ಪುಟ್ಟಲಕ್ಷ್ಮಿ ಕೇಳಿದಳು.

ಹೆಂಗಸರು ಎಂದರೆ ರಾಣಿಯೊಬ್ಬಳಿದ್ದಾಳೆ ಎಂದೆ.

"ರಾಣಿ ನೀರಿಗೆ ಹೋಗ್ತಾಳಾ?"

ಹೋಗುವುದಿಲ್ಲ. ಹಾಗಾದರೆ ಯಾರು ಹೋಗುತ್ತಾರೆ, ಎಲ್ಲಿಂದ ತರುತ್ತಾರೆ? ನಾವು ಅಲ್ಲೇ ಕೂತು ಒಂದು ನಾಲೆ ತೋಡಿದೆವು. ಜೋಡಿ ಹುಣ್ಣಿಮೆಯ ದಿನ ನದಿ ಉಬ್ಬಿ ದಿಣ್ಣೆಯ ನೆತ್ತಿಗೆ ಬರುತ್ತದೆ. ಅಲ್ಲಿ ನಾಲೆಗೆ ತಿರುಗಿಸಿದರೆ ಕೆಳಗಿನ ಹೊಲಗಳಿಗೆಲ್ಲ ತಾನೇ ಇಳಿಯುತ್ತದೆ. ಅವಳು ಬೆರಳಿಂದ ಇಳಿಜಾರು ತೋರಿಸಿದಳು, ನಾನು ನೀಲಿ ಮಸಿಯಲ್ಲಿ ಗೆರೆ ಎಳೆದೆ. ಗೆರೆ ದಿಣ್ಣೆಯ ಉದ್ದಕ್ಕೂ ಹೋಯಿತು.

ತೂಬು ಎತ್ತಲು ರಾಜ ವಜ್ರಮಕುಟನನ್ನು ಕೊನೆಗೂ ಸಿಂಹಾಸನದಿಂದ ಎಬ್ಬಿಸಿದೆ. ದ್ಯಾವಮ್ಮ ಒಪ್ಪಲಿಲ್ಲ. "ತೂಬಿಗೆ ನೀರುಗಂಟಿ ಇರ್ತಾನೆ ಕಣ್ ಮಗ. ರಾಜ ಯಾಕ್ ಬಂದಾನು, ಕೆಸರಾಗಾಕಾ?" ಆದ್ದರಿಂದ ಒಬ್ಬ ನೀರುಗಂಟಿಯನ್ನು ತಂದೆ. ಅವನಿಗೊಂದು ಮನೆ ಬಂತು, ಅವನ ಜೊತೆ ಜಗಳವಾಡುವ ಜನ ಬಂದರು. ಹದಿನೆಂಟು ಪುಟ ಓಡಿತು. ಆಮೇಲೆ ನೋಡಿದರೆ ರಾಜ ಎಲ್ಲೂ ಇಲ್ಲ. ಮರೆತೇಬಿಟ್ಟಿದ್ದೇನೆ.

28 ಡಿಸೆಂಬರ್, ಭಾನುವಾರ

ಪುಟ್ಟಲಕ್ಷ್ಮಿ ಬೂಕನಕೆರೆಗೆ ಸೋದರತ್ತೆ ಮನೆಗೆ ಹೋಗಿ ನಾಲ್ಕು ದಿನವಾಯಿತು. ಇವತ್ತು ಏಳನೇ ಅಧ್ಯಾಯ ಓದಿದೆ. ದ್ಯಾವಮ್ಮ ನಿದ್ದೆ ಮಾಡಿದರು, ಬೆಟ್ಟಮ್ಮ ಎದ್ದು ಹೋದರು. ಕಥೆಯಲ್ಲೇ ಏನೋ ದೋಷವಿದೆ. ಅವಳು ನಾಳೆ ಮಧ್ಯಾಹ್ನ ಬರುತ್ತಾಳೆ. ಗಾಡಿ ಸಿಗದಿದ್ದರೆ ಸಂಜೆ.

29 ಡಿಸೆಂಬರ್

ಮಧ್ಯಾಹ್ನವೇ ಬಂದಳು. ಅದೇ ಅಧ್ಯಾಯವನ್ನು ಮತ್ತೆ ಓದಿದೆ. ದೋಷ ಏನೂ ಇರಲಿಲ್ಲ.

4 ಜನವರಿ 1931, ಭಾನುವಾರ

ಇದನ್ನು ಬರೆಯಲು ನಗು ಬರುತ್ತಿದೆ. ನಕ್ಷೆಗೆ ಇನ್ನೊಂದು ಸಲ ಮಸಿ ಹಾಕಿ, ಒಣಗಲೆಂದು ಬೆಳಗ್ಗೆ ಕಿಟಕಿಯ ಸರಳಿಗೆ ಸಿಕ್ಕಿಸಿದ್ದೆ, ಬರೆದ ಮಗ್ಗುಲು ನನ್ನ ಕಡೆಗೆ. ಬೀದಿಯಲ್ಲಿ ಹೋಗುತ್ತಿದ್ದ ಜವರಯ್ಯ ಹಿಂದಿನ ಮಗ್ಗುಲಿನಿಂದ ನೋಡಿದ್ದಾನೆ. ತಿರುವಿದ್ದನ್ನು ತಿರುವಿ ನೋಡಿದರೆ ಇನ್ನೇನು? ಸಿಂಧಘಟ್ಟದ ಕೆರೆ, ಸಿಂಧಘಟ್ಟದ ಏರಿ, ಸಿಂಧಘಟ್ಟದ ದಿಣ್ಣೆ, ಮಂಚಯ್ಯನ ಹೊಲದ ನೆತ್ತಿಯ ಮೇಲೆ ಒಂದು ನೀಲಿ ಗೆರೆ! ಅಕ್ಷರ ಉಲ್ಟಾ ಇದ್ದರೂ ನೆಟ್ಟಗಿದ್ದರೂ ಅವನಿಗೆ ಒಂದೇ.

ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ. ಕನ್ನಂಬಾಡಿ ನೀರು ನಮಗೂ ಬರುತ್ತದಂತೆ, ಗುಡ್ಡ ಕೊರೆದು ತರುತ್ತಾರಂತೆ, ಸರ್ಕಾರದವರು ಗುಟ್ಟಾಗಿ ನಕ್ಷೆಯನ್ನು ಮೇಷ್ಟರ ಹತ್ತಿರ ಇಟ್ಟಿದ್ದಾರಂತೆ. ಐದಾರು ಜನ ನೋಡಲು ಬಂದರು. ನಾನು ಗಾಬರಿಯಾಗಿ ನಕ್ಷೆ ಸುತ್ತಿ ಪೆಟ್ಟಿಗೆಗೆ ಹಾಕಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸುತ್ತಾ ಹೋದರು.

7 ಜನವರಿ, ಬುಧವಾರ

ಅರಳಿಕಟ್ಟೆಯ ಮೇಲೆ ನಿಂತು ಕೂಗಿ ಹೇಳಿದೆ, ಅದು ಕಥೆ, ಕಟ್ಟುಕಥೆ, ಅಂಥ ನಾಲೆ ಇಲ್ಲ ಎಂದು. ಎಲ್ಲರೂ ಬಹಳ ಮರ್ಯಾದೆಯಿಂದ ಕೇಳಿದರು. "ಸರ್ಕಾರದ ಅನ್ನ ತಿನ್ನೋರು, ಬಾಯಿ ಬುಟ್ರೆ ಕೆಲ್ಸ ಓಯ್ತದೆ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಜವರಯ್ಯನನ್ನು ಹಿಡಿದು, ಆ ಬಟ್ಟೆ ನೀನೇ ಕೊಟ್ಟದ್ದಲ್ಲವೇನಯ್ಯ ಎಂದರೆ, "ಆಗ ಬರೀ ಬಟ್ಟೆ ಕಣ್ ಮೇಷ್ಟ್ರೇ, ಈಗ ನಾಲೆ ಬಂದದೆ" ಎಂದು ಕಣ್ಣು ಮಿಟುಕಿಸಿದ.

ದಿನಾ ಯಾರಾದರೊಬ್ಬರು ಬಂದು, ಗೆರೆಯನ್ನು ತಮ್ಮ ಹೊಲದ ಕಡೆಗೆ ನಾಲ್ಕು ಮಾರು ಜರುಗಿಸಲು ಸಾಧ್ಯವೇ ಎಂದು ಕೇಳುತ್ತಾರೆ. ಸಾಧ್ಯ ಎಂದು ಹೇಳಿದರೂ ತಪ್ಪು, ಇಲ್ಲ ಎಂದರೂ ತಪ್ಪು. ಪುಟ್ಟಲಕ್ಷ್ಮಿಗೆ ಇದೆಲ್ಲ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆವು.

10 ಜನವರಿ, ಶನಿವಾರ

ನಗುವುದು ನಿಂತಿತು.

ಹಿರೋಡೆಯಿಂದ, ಅಂದರೆ ರೈಲಿನವರು ಫ್ರೆಂಚ್ ರಾಕ್ಸ್ ಅನ್ನುವ ಊರಿಂದ, ಸೋಮಯ್ಯ ಎನ್ನುವವರು ಹೇಳಿಕಳಿಸಿದ್ದಾರೆ. ಹೋದ ವರ್ಷ ತಮ್ಮ ಮಗನಿಗೆ ಪುಟ್ಟಲಕ್ಷ್ಮಿಯನ್ನು ಕೇಳಿ, ಹೊಲವೆಲ್ಲ ಒಣದಿಣ್ಣೆ ಎಂದು ಗೊತ್ತಾದ ಮೇಲೆ ಸುಮ್ಮನಾದವರು. ಒಬ್ಬಳೇ ಮಗಳು, ಹೊಲ ಅಳಿಯನಿಗೇ ಬರುತ್ತದೆ. ಈಗ ನಾಲೆಯ ಸುದ್ದಿ ಅಲ್ಲಿಗೂ ಮುಟ್ಟಿದೆ. ಧನುರ್ಮಾಸ ಕಳೆದ ಕೂಡಲೇ, ಹದಿನಾರಕ್ಕೆ ಬಂದು ನೋಡಿ, ಅವತ್ತೇ ವೀಳ್ಯ ಬದಲಾಯಿಸಿ ಮಾತು ಗಟ್ಟಿ ಮಾಡಿಬಿಡುತ್ತಾರಂತೆ.

ಮಂಚಯ್ಯನವರ ಹತ್ತಿರ ಓಡಿ ಹೋಗಿ ಎಲ್ಲ ಹೇಳಿದೆ. ನಾಲೆ ಇಲ್ಲ, ನೀರಿಲ್ಲ, ನನ್ನ ಮೇಲಾಣೆ ಎಂದೆ. ಅವರು ನನ್ನ ಭುಜ ತಟ್ಟಿದರು. "ನಿಮ್ ಕಷ್ಟ ನನಗೆ ಗೊತ್ತು ಬುಡಿ ಮೇಷ್ಟ್ರೇ. ನಾನೇನೂ ಕೇಳಾಕಿಲ್ಲ." ಆ ಮನುಷ್ಯ ನಗುತ್ತಿದ್ದುದನ್ನು ನಾನು ಇವತ್ತೇ ನೋಡಿದ್ದು.

ಅವಳು ಹಿರೋಡೆಗೆ ಹೋಗಿಬಿಟ್ಟರೆ ನನ್ನ ಪುಸ್ತಕದ ಗತಿ ಏನು? ಚಂದ್ರರ ಲೆಕ್ಕ ಯಾರು ನೋಡುತ್ತಾರೆ? ಇನ್ನೂ ಮಳೆಗಾಲ ಬರೆದಿಲ್ಲ, ಸಂತೆ ಬರೆದಿಲ್ಲ. ಊಟ ಸೇರಲಿಲ್ಲ. ಪುಸ್ತಕದ ಯೋಚನೆಗೆ.

12 ಜನವರಿ, ಸೋಮವಾರ

ಪುಟ್ಟಲಕ್ಷ್ಮಿ ಜಗಲಿಗೆ ಬಂದಳು, ಕಾಳಿನ ಮೊರ ಇಲ್ಲದೆ.

"ನಾನು ಹೇಳಿದ್ರೂ ಅಪ್ಪ ನಂಬಲ್ಲ, ಮೇಷ್ಟ್ರು ಹೇಳ್ಕೊಟ್ಟಿರೋದು ಅಂತದೆ. ಅವ್ರು ನನ್ನ ನೋಡಕ್ಕೆ ಬರ್ತಿಲ್ಲ ಮೇಷ್ಟ್ರೇ, ನಾಲೆ ನೋಡಕ್ಕೆ ಬರ್ತಾವ್ರೆ. ನೀರಿಲ್ಲ ಅಂತ ಮದುವೆ ಆದ್ಮೇಲೆ ಗೊತ್ತಾದ್ರೆ ನನ್ನ ಏನ್ ಮಾಡ್ತಾರೆ?"

ನಕ್ಷೆಯನ್ನು ಈಗಲೇ ಒಲೆಗೆ ಹಾಕುತ್ತೇನೆ, ಕಥೆಯಿಂದಲೂ ನಾಲೆ ಕಿತ್ತು ಹಾಕುತ್ತೇನೆ ಎಂದು ಎದ್ದೆ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ನಾಲೆ ಮುಟ್ಟಬೇಡಿ. ಅದನ್ನ ನಂಬ್ಕೊಂಡು ಅಲ್ಲಿ ಅಷ್ಟು ಜನ ಬದುಕ್ತಾವ್ರೆ."

ಕಣ್ಣಲ್ಲಿ ನೀರಿತ್ತು. ನನಗೂ ಬಂತು.

16 ಜನವರಿ, ಶುಕ್ರವಾರ

ಹಿರೋಡೆಯವರು ಎರಡು ಗಾಡಿಯಲ್ಲಿ ಬಂದರು. ಸೋಮಯ್ಯ, ಅವರ ಹೆಂಡತಿ, ಮಗ, ಇನ್ನೂ ನಾಲ್ಕು ಜನ. ಮಂಚಯ್ಯನವರು ಮಡಿಸಿಟ್ಟಿದ್ದ ಪೇಟ ಕಟ್ಟಿದ್ದರು. ನಕ್ಷೆ ತನ್ನಿ ಎಂದು ನನಗೆ ಮೊದಲೇ ಹೇಳಿದ್ದರು. ಇವತ್ತಾದರೂ ಎಲ್ಲರೆದುರಿಗೆ ನಿಜ ಹೇಳಿಬಿಡೋಣ ಎಂದು ತಂದೆ. ಜವರಯ್ಯ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ತಾನು ಅವತ್ತು ಬೀದಿಯಿಂದ ನೋಡಿದಂತೆ ಹಿಂದುಮುಂದಾಗಿ ಎತ್ತಿ ಹಿಡಿದ.

"ಇದು ಕೆರೆ. ಇದು ದಿಣ್ಣೆ. ಇಗಾ ಇದು ನಾಲೆ, ನಮ್ ಮಂಚಣ್ಣನ ಒಲದ ಮ್ಯಾಲೇ ಬತ್ತದೆ."

ನಾನು ಎದ್ದು ನಿಂತೆ. "ಸ್ವಾಮಿ, ಇದು ನಾನು ಬರೆಯುತ್ತಿರುವ ಕಥೆಯ ನಕ್ಷೆ. ನಿಜವಾದ್ದಲ್ಲ."

"ಗೊತ್ತಾಯ್ತು ಬುಡಿ ಮೇಷ್ಟ್ರೇ, ನಾವೂ ಯಾರತ್ರನೂ ಯೋಳಾಕಿಲ್ಲ" ಎಂದು ಸೋಮಯ್ಯ ನಕ್ಕರು. ನಾನು ಕೂತೆ. ಜೀವನದಲ್ಲಿ ಅಷ್ಟು ಕೈಲಾಗದವನು ಅಂತ ಎಂದೂ ಅನಿಸಿರಲಿಲ್ಲ.

ಪುಟ್ಟಲಕ್ಷ್ಮಿ ಎಲೆಅಡಿಕೆಯ ತಟ್ಟೆ ಹಿಡಿದು ಬಂದಳು. ಹಸಿರು ಸೀರೆ. ಸೋಮಯ್ಯನ ಹೆಂಡತಿ, "ಎಲ್ಲಿ ಕೂಸೇ, ಒಂದ್ ನಾಕ್ ಮಾತಾಡು. ನಾಲಿಗೆ ಎಂಗದೆ ಕೇಳಾನ" ಎಂದರು. ಹೆಣ್ಣು ನೋಡಲು ಬಂದವರು ಕೇಳುವ ಮಾತೇ. ಹೆಸರು ಹೇಳಿ ತಲೆ ತಗ್ಗಿಸಿದರೆ ಸಾಕು.

ಅವಳು ತಟ್ಟೆ ಕೆಳಗಿಟ್ಟು ನೇರವಾಗಿ ಜವರಯ್ಯನ ಹತ್ತಿರ ಹೋದಳು, ನಕ್ಷೆ ತೆಗೆದುಕೊಂಡಳು, ತಿರುವಿ ಹಿಡಿದಳು. "ಇದು ಸರಿಯಾದ ಮಗ್ಗುಲು. ಮಾವ, ನಿಮಗೆ ಓದು ಬರ್ತದಲ್ಲ, ಓದಿ."

ಸೋಮಯ್ಯ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಎರಡು... ಚಂದ್ರರ... ನಾಲೆ." ಮುಂದೆ ಬೆರಳು ಜರುಗಿಸಿದರು. "ಆರು ಕಾಲಿನ... ಕುದುರೆ... ಲಾಯ." ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸಲ ಓದಿದರು.

ಅವಳು ಶುರುಮಾಡಿದಳು. ದೊಡ್ಡ ಚಂದ್ರನಿಗೆ ಮೂವತ್ತು, ಚಿಕ್ಕವನಿಗೆ ಇಪ್ಪತ್ತು. ಜೋಡಿ ಹುಣ್ಣಿಮೆಗೆ ನದಿ ಉಬ್ಬುವುದು, ಅವತ್ತು ಊರಿನ ಹೆಂಗಸರೆಲ್ಲ ಬಿಂದಿಗೆಯನ್ನು ಮನೆಯಲ್ಲೇ ಬೋರಲು ಹಾಕಿ ದಿಣ್ಣೆ ಹತ್ತುವುದು, ನೀರುಗಂಟಿ ತೂಬು ಎತ್ತುವುದು. ಲಾಳದ ಆಚಾರಿಗಳಿಗೆ ಪ್ರತ್ಯೇಕ ಬೀದಿ. ಮೊದಮೊದಲು ಮೆಲ್ಲಗೆ ಹೇಳುತ್ತಿದ್ದವಳ ದನಿ ಏರಿತು, ಕೈ ಆಡತೊಡಗಿತು, ಯಾರೆದುರು ನಿಂತಿದ್ದೇನೆ ಎನ್ನುವುದೇ ಅವಳಿಗೆ ಮರೆತುಹೋಯಿತು. ನನಗೂ ಮರೆಯಿತು. "ಸುಂಕದ ಕಟ್ಟೆ ಬಿಟ್ಟೆ!" ಎಂದು ಕೂಗಿದೆ. "ಅದು ಐದನೇ ಅಧ್ಯಾಯ, ತಾಳಿ" ಎಂದಳು. ಕುದುರೆಗಳಿಗೆ ರೆಕ್ಕೆ ಇದ್ದರೂ ದಪ್ಪಗಾಗಿ ಮೇಲೇಳುವುದಿಲ್ಲ ಎಂದಾಗ ವರನೊಬ್ಬನೇ ಗಟ್ಟಿಯಾಗಿ ನಕ್ಕ. ಪಾಪ, ಒಳ್ಳೆಯವನೇ.

"ಅಂಗಾರೆ ಈ ನೀರು?" ಎಂದರು ಸೋಮಯ್ಯ.

"ಈ ನೀರು ಬರಬೇಕಾದ್ರೆ ನಮಗೆ ಇನ್ನೊಬ್ಬ ಚಂದ್ರ ಬೇಕು ಮಾವ."

ಊಟ ಮಾಡಿದರು, ಹೇಳಿಕಳಿಸುತ್ತೇವೆ ಎಂದರು, ಹೋದರು. ವೀಳ್ಯದ ಮಾತು ಎತ್ತಲಿಲ್ಲ. ಜವರಯ್ಯ ಯಾವಾಗ ಮಾಯವಾದನೋ ಗೊತ್ತಿಲ್ಲ. ಮಂಚಯ್ಯನವರು ಮಗಳನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಚಾಪೆಯ ಮೇಲೆ ಬಿಟ್ಟುಹೋಗಿದ್ದ ನಕ್ಷೆಯ ಮುಂದೆ ಕೂತು ನೀಲಿ ಗೆರೆಯನ್ನು ನೋಡುತ್ತಿದ್ದರು.

17 ಜನವರಿ

ಮಂಚಯ್ಯನವರು ಬೆಳಗ್ಗೆ ಹೊಲಕ್ಕೆ ಹೋದವರು ಸಂಜೆಯವರೆಗೂ ಬರಲಿಲ್ಲ. ನನ್ನ ಪೆಟ್ಟಿಗೆ ಕಟ್ಟಿಕೊಂಡೆ. ಯಾರಾದರೂ ಹೋಗು ಎಂದರೆ ಹೋಗಬೇಕಲ್ಲ. ಯಾರೂ ಏನೂ ಹೇಳಲಿಲ್ಲ. ಸಂಬಂಧ ತಪ್ಪಿತೆಂದು ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಅವರ ಮುಖ ನೆನೆಸಿಕೊಂಡರೆ ನಾಚಿಕೆ.

19 ಜನವರಿ, ಸೋಮವಾರ

ಸ್ಕೂಲು ಬಿಟ್ಟು ಬರುವಷ್ಟರಲ್ಲಿ ಮಂಚಯ್ಯನವರು ನನ್ನ ಕೋಣೆಯ ಮುಂದೆ ಕೂತಿದ್ದರು.

"ಕೂತ್ಕೊ" ಎಂದರು. ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದದ್ದು. ಆಮೇಲೆ ಹೇಳಿದರು:

"ಅನ್ನೆರಡು ದಿನ ನನ್ ಒಲಕ್ಕೆ ನೀರು ಬಂದಿತ್ತು ಕಣಪ್ಪ. ದಿನಾ ಒತ್ತಾರೆ ಓಗಿ ನಿಂತ್ಕತಿದ್ದೆ. ಬತ್ತದ ಸಸಿಗೆ ಒಟ್ಲು ಎಲ್ಲಿ ಮಾಡ್ಬೇಕು, ಬದ ಎಲ್ಲಿ ಆಕ್ಬೇಕು ಅಂತ ಕಡ್ಡಿ ನೆಟ್ಟಿದ್ದೆ. ಮೊನ್ನೆ ಎಲ್ಲಾ ಕಿತ್ತಾಕ್ದೆ. ನಲವತ್ತು ವರ್ಸ ರಾಗಿ ಬೆಳ್ದಿವ್ನಿ, ಒಂದ್ ಸಲ ಬತ್ತ ಬೆಳ್ದೋನಲ್ಲ."

ನನ್ನಿಂದ ತಪ್ಪಾಯಿತು ಎಂದೆ. ನಾನು ಬರೆದ ನೀರನ್ನು ಒಬ್ಬ ಮನುಷ್ಯ ಅಷ್ಟು ನಂಬಿದ್ದ. ಅದರ ಹೊಣೆ ಎಂಥದು ಎಂದು ನಾನು ಯೋಚಿಸಿರಲೇ ಇಲ್ಲ.

"ತಪ್ಪಿನ ಮಾತ್ ಬುಡು. ನಿನ್ ಪುಸ್ತಕದಾಗೆ ಆ ನಾಲೆ ಕೆಳಗಿನ ಒಲ ಯಾರ್ದು?"

ಯಾರದು ಎಂದು ಇನ್ನೂ ಬರೆದಿಲ್ಲ ಎಂದೆ.

"ಬರ್ಕೊ."

ಕಾಗದ ತಂದು ಮಂಚಯ್ಯ ಎಂದು ಬರೆದೆ. ಅವರು ಹೇಳುತ್ತಾ ಹೋದರು. ಮೊದಲ ವರ್ಷ ದೊಡ್ಡಬತ್ತ, ನೆಲ ಪಳಗಿದ ಮೇಲೆ ಸಣ್ಣಬತ್ತ. ಗದ್ದೆಯ ಬದುವಿನ ಮೇಲೆ ಅವರೆ ಸಾಲು ಹಾಕುವುದನ್ನು ತಪ್ಪಿಸಬಾರದು. ಅರವತ್ತು ದಿನಕ್ಕೊಂದು ನೀರಾದರೆ ಪೈರು ಒಣಗಿಹೋಗುತ್ತದೆ, ನೆತ್ತಿಯಲ್ಲಿ ಒಂದು ಕಟ್ಟೆ ಬೇಕು ಎಂದು ಬಾಗಿಲ ಹಿಂದಿನಿಂದ ಪುಟ್ಟಲಕ್ಷ್ಮಿ ಹೇಳಿದಳು. ಕಟ್ಟೆ ಹಾಕಿದೆವು. ಕುಯ್ಲಿಗೆ ಬರುವ ಹೊತ್ತಿಗೆ ಮಂಚಯ್ಯನವರ ಮುಖದಲ್ಲಿ ಮತ್ತೆ ಆ ನಗು ಬಂದಿತ್ತು.

"ನಾಗಮಂಗಲದಾಗೆ ನಿಮ್ಮಪ್ಪ ಏನ್ ಬೆಳೀತಾರೆ?"

"ರಾಗಿ, ಹುರುಳಿ."

"ಬರಾಕ್ ಯೋಳು ಒಂದ್ ಸಲ."

"ಅಪ್ಪನಿಗೆ ಬತ್ತದ ವಿಷಯ ಏನೂ ಗೊತ್ತಿಲ್ಲವಲ್ಲ" ಎಂದೆ.

ಒಳಗೆ ದ್ಯಾವಮ್ಮ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ, ಕೆಮ್ಮು ಬಂದುಬಿಟ್ಟಿತು. "ಲೋ ಮಂಚ, ಬುಡುಸಿ ಯೋಳ್ಲಾ, ಇದ್ಕೆ ಅರ್ಥ ಆಗ್ನಿಲ್ಲ!" ಮಂಚಯ್ಯನವರು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡರು. ಆಗ ಅರ್ಥವಾಯಿತು. ಡಿಸೆಂಬರಿನಿಂದ ಇಲ್ಲಿಯವರೆಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಕೈಯಲ್ಲಿದ್ದ ಕಾಗದ ಕೆಳಗೆ ಬಿತ್ತು, ಬಾಯಿಗೆ ಬಂದದ್ದು ಇಷ್ಟೇ:

"ಪುಟ್ಟಲಕ್ಷ್ಮಿಯನ್ನು ಕೇಳಿದಿರಾ?"

"ನಾನೇನ್ ಕೇಳ್ಲಪ್ಪ" ಎಂದರು ಮಂಚಯ್ಯನವರು. "ನೆನ್ನೆ ಬಂದು ಕೇಳಿದ್ದೇ ಅವ್ಳು."

ಅಪ್ಪನಿಗೆ ಕಾಗದ ಬರೆಯಲು ಕೂತಿದ್ದೇನೆ. ಮೂರು ಸಾಲು ಸಾಕು. ಒಂದಿಡೀ ದೇಶ ಬರೆದವನಿಗೆ ಆ ಮೂರು ಸಾಲು ಬರುತ್ತಿಲ್ಲ, ನಾಲ್ಕು ಸಲ ಹರಿದು ಹಾಕಿದೆ. ಜಗಲಿಯಿಂದ ಪುಟ್ಟಲಕ್ಷ್ಮಿ, ಆಯ್ತಾ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ.

"ಇಲ್ಲಿ ತಂದು ಓದಿ. ಎಲ್ಲಿ ತಪ್ಪಾಗದೆ ನೋಡಾನ."

ಓದಲು ಹೋಗುತ್ತಿದ್ದೇನೆ.